ಸಾಂಕ್ರಾಮಿಕ ರೋಗ ಸರ್ವೇಕ್ಷಣೆ (ಸಿಂಗಪುರ)

ಅಂಟುರೋಗಗಳು ಜನಸಮುದಾಯದಲ್ಲಿ ತಲೆದೋರುವ, ಹರಡುವ, ರೂಪಾಂತರ ಹೊಂದುವ ಬಗೆಯನ್ನು ಅವಿಚ್ಛಿನ್ನವಾಗಿ ಗಮನಿಸಿ, ಆಸ್ಪತ್ರೆಯ ಹಾಸಿಗೆಗಳು ತುಂಬುವುದಕ್ಕೆ ಮುನ್ನವೇ ಆಡಳಿತವನ್ನು ಎಚ್ಚರಿಸುವ ಶಾಸ್ತ್ರೀಯ ಕಾರ್ಯ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಸತ್ತುಬಿದ್ದ ಮಂಗಗಳ ಜಾಡು ಹಿಡಿದು ಹೊಸದೊಂದು ವೈರಸ್ಸನ್ನು ಕಂಡುಹಿಡಿದ ವೃತ್ತಾಂತವನ್ನು ಬಲ್ಲ ಕನ್ನಡಿಗರಿಗೆ ಈ ವೃತ್ತಿಯ ಸ್ವರೂಪವು ಅಪರಿಚಿತವಲ್ಲ. ಅಲ್ಲಿ ಮಂಗವು ಕೊಟ್ಟ ಮುನ್ಸೂಚನೆಯನ್ನು ಸಿಂಗಪುರದಲ್ಲಿ ಸೊಳ್ಳೆಯು ಕೊಡುತ್ತದೆ.

ಆ ದ್ವೀಪದ ಬಹುಪಾಲು ಜನರು ವಾಸಿಸುವ ಸರ್ಕಾರಿ ಬಹುಮಹಡಿ ವಸತಿಗೃಹಗಳ ಮೊಗಸಾಲೆಗಳಲ್ಲಿ ಕಪ್ಪುಬಣ್ಣದ ಪುಟ್ಟ ಡಬ್ಬಿಗಳನ್ನು ಇರಿಸಲಾಗಿದೆ. ತಳದಲ್ಲಿ ಒಣಹುಲ್ಲು ನೆನೆಸಿದ ನೀರು, ಒಳಮೈಗೆ ಅಂಟು. ಮೊಟ್ಟೆಯಿಡಲು ನೀರನ್ನರಸಿ ಬಂದ, ಡೆಂಗಿ ಜ್ವರವನ್ನು ಹರಡುವ ಹೆಣ್ಣು ಈಡಿಸ್ ಸೊಳ್ಳೆ ಅಲ್ಲಿಯೇ ಸಿಲುಕಿಕೊಳ್ಳುತ್ತದೆ. ಹೀಗೆ ಸಿಕ್ಕವುಗಳನ್ನು ಎಣಿಸಿ, ಜಾತಿಯನ್ನು ಗುರುತಿಸಿ, ಯಾವ ಬಡಾವಣೆಯಲ್ಲಿ ಅವು ಹೆಚ್ಚುತ್ತಿವೆಯೆಂಬುದನ್ನು ನಿರ್ಣಯಿಸುವ ವಿಜ್ಞಾನಿಗಳು, ಜೊತೆಜೊತೆಗೇ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಡೆಂಗಿ ವೈರಸ್ಸಿನ ನಾಲ್ಕು ಪ್ರಭೇದಗಳಲ್ಲಿ ಆಗ ಯಾವುದು ಪ್ರಬಲವೆಂಬುದನ್ನೂ ನೋಡುತ್ತಿರುತ್ತಾರೆ. ಪ್ರಾಬಲ್ಯವು ಒಂದರಿಂದ ಮತ್ತೊಂದಕ್ಕೆ ಜಾರಿತೆಂದರೆ, ಹೊಸದನ್ನು ಎದುರಿಸುವ ಪ್ರತಿರಕ್ಷೆ ಬಹುಜನರಲ್ಲಿ ಇಲ್ಲದಿರುವುದರಿಂದ, ದೊಡ್ಡ ಪಿಡುಗನ್ನು ನಿರೀಕ್ಷಿಸಬೇಕಾಗುತ್ತದೆ. 2013ರಲ್ಲಿ ಎರಡನೆಯ ಪ್ರಭೇದದ ಸ್ಥಾನವನ್ನು ಮೊದಲನೆಯದು ಆಕ್ರಮಿಸಿತು. ಆ ವರ್ಷ 22,000ಕ್ಕೂ ಮಿಕ್ಕು ಜನರು ಡೆಂಗಿಗೆ ತುತ್ತಾದರು. 2020ರಲ್ಲಿ ಈ ಸಂಖ್ಯೆ 35,000ವನ್ನು ದಾಟಿತು. ಸರ್ವೇಕ್ಷಣೆಯು ಪಿಡುಗನ್ನು ತಡೆದೇ ತೀರುತ್ತದೆಂದು ಭಾವಿಸಲಾಗದು. ಅದು ಸಿದ್ಧತೆಗೆ ಕಾಲಾವಕಾಶವನ್ನು ಗಳಿಸಿಕೊಡುತ್ತದೆ, ಮತ್ತು ಆ ಕೆಲವು ವಾರಗಳ ಬೆಲೆ ಸಾಮಾನ್ಯವಾದುದಲ್ಲ.

ವೈದ್ಯರೂ ಪ್ರಯೋಗಾಲಯಗಳೂ ನಿರ್ದಿಷ್ಟ ರೋಗಗಳನ್ನು ವರದಿಮಾಡಲೇಬೇಕೆಂಬ ವಿಧಿಗೆ 1976ರ ಸಾಂಕ್ರಾಮಿಕ ರೋಗಗಳ ಅಧಿನಿಯಮವು ಆಧಾರ. 2003ರಲ್ಲಿ 238 ಮಂದಿಗೆ ತಗುಲಿ 33 ಮಂದಿಯನ್ನು ಬಲಿತೆಗೆದುಕೊಂಡ ಸಾರ್ಸ್ ವ್ಯಾಧಿಯ ಕಹಿ ಅನುಭವವು ಈ ವ್ಯವಸ್ಥೆಯನ್ನು ಬಲಪಡಿಸಿತು. 2019ರಲ್ಲಿ 330 ಹಾಸಿಗೆಗಳ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಕೇಂದ್ರವು ಆರಂಭವಾಯಿತು. ಅದರ ಬೆನ್ನಿಗೇ ಕೋವಿಡ್ ಬಂದಿತು. 2020ರ ಫೆಬ್ರುವರಿಯಲ್ಲಿ, ಆಗಲೇ ಗುಣಹೊಂದಿದ್ದವರ ರಕ್ತದಲ್ಲಿ ಪ್ರತಿಕಾಯಗಳನ್ನು ಪತ್ತೆಹಚ್ಚಿ, ಎರಡು ಚರ್ಚುಗಳ ಸೋಂಕಿನ ಗುಂಪುಗಳಿಗೆ ಇದ್ದ ಸಂಬಂಧವನ್ನು ಸಿಂಗಪುರದ ವಿಜ್ಞಾನಿಗಳು ಸಾಬೀತುಪಡಿಸಿದುದು ಈ ವಿದ್ಯೆಯ ಉಜ್ಜ್ವಲ ನಿದರ್ಶನ. 2025ರ ಏಪ್ರಿಲ್ 1ರಿಂದ ಸಾಂಕ್ರಾಮಿಕ ರೋಗಗಳ ಹೊಣೆಯು ಇದಕ್ಕೆಂದೇ ರಚಿತವಾದ ಪ್ರತ್ಯೇಕ ಸಂಸ್ಥೆಯದಾಗಿದೆ.

ಈ ವೃತ್ತಿಯು ಅಪಾಯರಹಿತವಾದುದಲ್ಲ. ಸಾರ್ಸ್ ಅಡಗಿತೆಂದು ನಾಡು ನೆಮ್ಮದಿಯ ಉಸಿರುಬಿಟ್ಟ ಮೇಲೆ, 2003ರ ಸೆಪ್ಟೆಂಬರಿನಲ್ಲಿ, ಬೇರೊಂದು ವೈರಸ್ಸನ್ನು ಅಭ್ಯಸಿಸುತ್ತಿದ್ದ ಯುವ ಸಂಶೋಧಕರೊಬ್ಬರಿಗೆ ಪ್ರಯೋಗಾಲಯದಲ್ಲಿಯೇ ಸಾರ್ಸ್ ಸೋಂಕು ತಗುಲಿತು. ಅವರು ಚೇತರಿಸಿಕೊಂಡರು, ಅವರಿಂದ ಮತ್ತಾರಿಗೂ ಅದು ಹರಡಲಿಲ್ಲ. ಅಪಾಯಕರ ಜೀವಾಣುಗಳ ಸಂಗ್ರಹಣೆ ಹಾಗೂ ಬಳಕೆಯನ್ನು ನಿಯಂತ್ರಿಸುವ ಕಾನೂನು ಸಿಂಗಪುರದಲ್ಲಿ 2005ರಲ್ಲಿ ಅಂಗೀಕೃತವಾಯಿತು.