ಹಲವು ಯಂತ್ರಗಳು, ಒಂದು ಲೆಕ್ಕ

ಒಬ್ಬ ಬಾಣಸಿಗನು ಹತ್ತು ಗಂಟೆಗಳಲ್ಲಿ ಮಾಡುವ ಅಡಿಗೆಯನ್ನು ಹತ್ತು ಮಂದಿ ಬಾಣಸಿಗರು ಒಂದು ಗಂಟೆಯಲ್ಲಿ ಮುಗಿಸುತ್ತಾರೆಯೆ? ಶಾಲೆಯ ಲೆಕ್ಕದ ಪುಸ್ತಕವನ್ನು ಕೇಳಿದರೆ ಹೌದೆನ್ನುತ್ತದೆ. ಮದುವೆಮನೆಯಲ್ಲಿ ಅಡಿಗೆಯ ಉಸ್ತುವಾರಿ ನೋಡಿದವರನ್ನು ಕೇಳಿದರೆ ನಗುತ್ತಾರೆ. ಬೇಳೆ ಬೇಯದೆ ಹುಳಿಯಾಗದು. ತರಕಾರಿ ಹೆಚ್ಚುವವನು ತಡಮಾಡಿದರೆ ಒಲೆಯ ಮುಂದಿನವನು ಕೈಕಟ್ಟಿ ನಿಲ್ಲಬೇಕು. ಉಪ್ಪು ಹಾಕಿದ್ದಾಯಿತೆ ಎಂದು ಒಬ್ಬರನ್ನೊಬ್ಬರು ವಿಚಾರಿಸುವುದರಲ್ಲಿಯೇ ಅರ್ಧ ಹೊತ್ತು ಕಳೆಯುತ್ತದೆ. ಇನ್ನು ಆ ಹತ್ತು ಮಂದಿ ಹತ್ತು ದೇಶದವರಾಗಿ, ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದಿದ್ದರಂತೂ ಹೇಳತಕ್ಕದ್ದೇ ಇಲ್ಲ.

ಹವಾಮಾನದ ಮುನ್ಸೂಚನೆ, ವಿಮಾನದ ರೆಕ್ಕೆಯ ಸುತ್ತ ಗಾಳಿಯ ಹರಿವು ಮೊದಲಾದ ಭಾರಿ ಲೆಕ್ಕಗಳನ್ನು ಇಂದು ಸಾವಿರಾರು ಗಣಕಯಂತ್ರಗಳು ಕೂಡಿ ಮಾಡುತ್ತವೆ. ಅವೆಲ್ಲವೂ ಒಂದೇ ಜಾತಿಯವಲ್ಲ. ಅವುಗಳನ್ನು ಒಂದೇ ನೊಗಕ್ಕೆ ಹೂಡುವುದು ಹೇಗೆ ಎಂಬ ಪ್ರಶ್ನೆಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಯಂತ್ರಗಳ ವೇಗದ ಕಥೆಯನ್ನು ಪತ್ರಿಕೆಗಳು ಆಗಾಗ ಹೇಳುತ್ತವೆ. ಆ ಯಂತ್ರಗಳಿಗೆ ಕೆಲಸ ಹೇಳಿಕೊಡುವವರ ಕಥೆ ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ.

ಈ ಕಥೆ ಆರಂಭವಾದದ್ದು ಗಣಕಯಂತ್ರ ಹುಟ್ಟುವುದಕ್ಕಿಂತ ಮೊದಲೇ. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಕ್ವೇಕರ್ ಪಂಥದವರು. ಆಯುಧ ಹಿಡಿಯಲೊಲ್ಲದೆ, ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಿಂದ ಗಾಯಾಳುಗಳನ್ನು ಸಾಗಿಸುವ ದಳದಲ್ಲಿ ಸೇವೆ ಮಾಡುತ್ತಿದ್ದರು. ಆ ಗದ್ದಲದ ನಡುವೆ ಸಿಕ್ಕಿದ ಬಿಡುವಿನಲ್ಲಿ ಅವರು ಒಂದು ವಿಚಿತ್ರವಾದ ಲೆಕ್ಕಕ್ಕೆ ಕೈಹಾಕಿದರು. 1910ರ ಮೇ 20ನೆಯ ದಿನ ಯೂರೋಪಿನ ಮೇಲಿದ್ದ ಗಾಳಿಯ ಒತ್ತಡ ಮುಂದಿನ ಆರು ಗಂಟೆಗಳಲ್ಲಿ ಎಷ್ಟು ಬದಲಾದೀತು ಎಂಬುದನ್ನು ಭೌತಶಾಸ್ತ್ರದ ಸಮೀಕರಣಗಳಿಂದಲೇ ಕಂಡುಹಿಡಿಯುವುದು ಅವರ ಉದ್ದೇಶ. ಆರು ಗಂಟೆಗಳ ಹವೆಯನ್ನು ಗುಣಿಸಲು ಸುಮಾರು ಆರು ವಾರಗಳು ಹಿಡಿದವು. ಬಂದ ಉತ್ತರವೋ, ಒತ್ತಡ 145 ಮಿಲಿಬಾರು ಏರುವುದೆಂದು! ಆ ದಿನ ನಿಜವಾಗಿ ಒತ್ತಡ ಹೆಚ್ಚುಕಡಮೆ ಕದಲಿಯೇ ಇರಲಿಲ್ಲ. ಹಸ್ತಪ್ರತಿಯೂ 1917ರ ಯುದ್ಧದಲ್ಲಿ ಕಳೆದುಹೋಗಿ, ತಿಂಗಳುಗಳ ಮೇಲೆ ಬೆಲ್ಜಿಯಮಿನಲ್ಲಿ ಕಲ್ಲಿದ್ದಲ ರಾಶಿಯ ಕೆಳಗೆ ಸಿಕ್ಕಿತು. ಬೇರೊಬ್ಬರಾಗಿದ್ದರೆ ಅದನ್ನು ಅಲ್ಲಿಯೇ ಬಿಟ್ಟುಬಿಡುತ್ತಿದ್ದರೋ ಏನೋ. ರಿಚರ್ಡ್‌ಸನ್ನರು ತಪ್ಪು ಉತ್ತರದ ಸಮೇತ 1922ರಲ್ಲಿ ಪುಸ್ತಕವನ್ನು ಅಚ್ಚುಮಾಡಿಸಿದರು.

ಅದೇ ಪುಸ್ತಕದಲ್ಲಿ ಅವರೊಂದು ಕನಸನ್ನು ಬರೆದಿದ್ದಾರೆ. ದೊಡ್ಡದೊಂದು ನಾಟಕಶಾಲೆ, ಅದರ ಗೋಡೆ ಛಾವಣಿಗಳ ಮೇಲೆಲ್ಲ ಭೂಗೋಲದ ನಕ್ಷೆ. ಅಲ್ಲಿ 64,000 ಮಂದಿ ‘ಕಂಪ್ಯೂಟರು’ಗಳು ಕುಳಿತಿದ್ದಾರೆ. ಆ ಮಾತಿಗೆ ಆಗ ಲೆಕ್ಕ ಮಾಡುವ ಗುಮಾಸ್ತನೆಂದೇ ಅರ್ಥ. ಒಬ್ಬೊಬ್ಬರ ಪಾಲಿಗೆ ಭೂಮಿಯ ಒಂದೊಂದು ತುಂಡಿನ ಲೆಕ್ಕ. ತನಗೆ ಬಂದ ಅಂಕೆಯನ್ನು ಪಕ್ಕದವರು ಓದಿಕೊಳ್ಳುವಂತೆ ಫಲಕದಲ್ಲಿ ತೋರಿಸಬೇಕು, ಏಕೆಂದರೆ ಇಲ್ಲಿಯ ಗಾಳಿ ಮುಂದಿನ ಗಳಿಗೆಯಲ್ಲಿ ಅಲ್ಲಿಗೆ ಹೋಗುತ್ತದೆ. ನಡುವೆ ಎತ್ತರದ ಕಂಬದ ಮೇಲೆ ಒಬ್ಬ ಮೇಲ್ವಿಚಾರಕ. ಮುಂದೆ ಓಡಿದವರ ಮೇಲೆ ಅವನು ಗುಲಾಬಿ ಬೆಳಕು ಬೀರುತ್ತಾನೆ, ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕು. ಕೆಲಸವನ್ನು ಹಂಚುವುದು, ನೆರೆಯವರಿಗೆ ಅಂಕೆ ಮುಟ್ಟಿಸುವುದು, ಎಲ್ಲರನ್ನೂ ಒಂದೇ ಹೆಜ್ಜೆಯಲ್ಲಿ ನಡೆಸುವುದು: ಇಂದಿಗೂ ಪ್ರೋಗ್ರಾಮು ಬರೆಯುವವರನ್ನು ಕಾಡುತ್ತಿರುವ ಮೂರು ಕಷ್ಟಗಳೂ ಈ ಕನಸಿನಲ್ಲಿ ಇವೆ.

1950ರಲ್ಲಿ ಅಮೆರಿಕದ ಎನಿಯಾಕ್ ಯಂತ್ರದ ಮೇಲೆ ಚಾರ್ನಿ, ಫ್ಯೋರ್ಟೊಫ್ಟ್, ವಾನ್ ನಾಯ್ಮನ್ ಇವರು ಮೊದಲ ಯಾಂತ್ರಿಕ ಮುನ್ಸೂಚನೆಯನ್ನು ಮಾಡಿದರು. 24 ಗಂಟೆಗಳ ಹವೆಯನ್ನು ಗುಣಿಸಲು ಸರಿಸುಮಾರು 24 ಗಂಟೆಗಳೇ ಬೇಕಾದವು. ಆ ಮೇಲೆ ಯಂತ್ರಗಳು ವೇಗವಾಗುತ್ತ ಬಂದುದರಿಂದ, ಒಂದೇ ಯಂತ್ರ ಸಾಲದೆ ಎಂಬ ಭಾವನೆ ಬಲವಾಯಿತು. 1967ರಲ್ಲಿ ಐಬಿಎಂ ಸಂಸ್ಥೆಯ ಜೀನ್ ಆಮ್ಡಾಲರು ಈ ಭಾವನೆಗೆ ಬೆಂಬಲವಾಗಿ ಸರಳವಾದ ವಾದವೊಂದನ್ನು ಮುಂದಿಟ್ಟರು. ಕೆಲಸದಲ್ಲಿ ನೂರಕ್ಕೆ ಐದು ಪಾಲು ಹಂಚಿಕೊಳ್ಳಲಾಗದ್ದಿದ್ದರೆ, ಸಾವಿರ ಯಂತ್ರಗಳನ್ನು ತಂದು ನಿಲ್ಲಿಸಿದರೂ ವೇಗ 20 ಪಟ್ಟಿಗಿಂತ ಹೆಚ್ಚಲಾರದು. ನಮ್ಮ ಬಾಣಸಿಗರ ಬೇಳೆಯೇ ಆ ಐದು ಪಾಲು.

ವಾದವೇನೋ ನಿಜ, ಆದರೆ ಕಾಲ ಬೇರೆ ದಾರಿ ಹಿಡಿಯಿತು. 1970ರ ದಶಕದ ಕೊನೆಗೆ ಅಂಗೈಯಲ್ಲಿ ಅಡಗುವ ಪ್ರೊಸೆಸರುಗಳು ಅಗ್ಗದ ಬೆಲೆಗೆ ಸಿಗತೊಡಗಿದವು. 1983ರಲ್ಲಿ ಕ್ಯಾಲಿಫೋರ್ನಿಯಾ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಚಾರ್ಲ್ಸ್ ಸೈಟ್ಸ್, ಜೆಫ್ರಿ ಫಾಕ್ಸ್ ಇವರ ನೇತೃತ್ವದಲ್ಲಿ ಅಂಥ 64 ಪ್ರೊಸೆಸರುಗಳನ್ನು ತಂತಿಗಳಿಂದ ಬೆಸೆದು ‘ಕಾಸ್ಮಿಕ್ ಕ್ಯೂಬ್’ ಎಂಬ ಯಂತ್ರವನ್ನು ಕಟ್ಟಿದರು. ಒಂದರ ಮನಸ್ಸಿನಲ್ಲಿರುವುದು ಇನ್ನೊಂದಕ್ಕೆ ಕಾಣದು. ಬೇಕಾದರೆ ಕಾಗದ ಬರೆದಂತೆ ಸಂದೇಶ ಕಳುಹಿಸಬೇಕು.

ಈ ಸುದ್ದಿ ನಮ್ಮಲ್ಲಿಗೂ ದೂರವಿರಲಿಲ್ಲ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ‘ಫ್ಲೋಸಾಲ್ವರ್’ ಎಂಬ ಯಂತ್ರ ಸಿದ್ಧವಾಯಿತು. ಕೆಲವೇ ಸಣ್ಣ ಪ್ರೊಸೆಸರುಗಳನ್ನು ಜೋಡಿಸಿ, ಗಾಳಿಯ ಹರಿವಿನ ಲೆಕ್ಕಕ್ಕೆಂದು ಮಾಡಿದ ಯಂತ್ರವದು. ಭಾರತದ ಮೊದಲ ಸಮಾಂತರ ಗಣಕಯಂತ್ರವೆಂಬ ಹೆಸರು ಅದಕ್ಕಿದೆ. ಅದೇ ದಶಕದಲ್ಲಿ ಭಾರತವು ಅಮೆರಿಕದ ಕ್ರೇ ಯಂತ್ರಕ್ಕಾಗಿ ಬಹುಕಾಲ ಮಾತುಕತೆ ನಡೆಸಿ, ಕೇಳಿದ್ದಕ್ಕಿಂತ ಚಿಕ್ಕದೊಂದನ್ನು ಮಾನ್ಸೂನಿನ ಮುನ್ಸೂಚನೆಗಾಗಿ ದೆಹಲಿಗೆ ತರಿಸಿಕೊಂಡಿತು. 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ 1991ರಲ್ಲಿ ‘ಪರಮ್ 8000’ ಯಂತ್ರವನ್ನು ಹೊರತಂದಿತು. ದೆಹಲಿಯ ಕ್ರೇ ಯಂತ್ರದಲ್ಲಿದ್ದ ಹವಾಮಾನದ ಲೆಕ್ಕವನ್ನು ಇಂಥ ಸ್ವದೇಶಿ ಯಂತ್ರಗಳಿಗೆ ಒಗ್ಗಿಸುವುದು ಮುಂದಿನ ವರ್ಷಗಳಲ್ಲಿ ನಮ್ಮ ವಿಜ್ಞಾನಿಗಳಿಗೆ ದೊಡ್ಡ ಕೆಲಸವಾಯಿತು.

ಕಷ್ಟವಿದ್ದುದು ಇಲ್ಲಿಯೇ. ಯಂತ್ರ ಮಾಡುವ ಒಬ್ಬೊಬ್ಬರೂ ಸಂದೇಶ ಕಳುಹಿಸುವುದಕ್ಕೆ ತಮ್ಮದೇ ಆದ ಆಜ್ಞೆಗಳನ್ನು ಇಟ್ಟುಕೊಂಡಿದ್ದರು. ಒಂದು ಯಂತ್ರಕ್ಕೆಂದು ಬರೆದ ಪ್ರೋಗ್ರಾಮು ಇನ್ನೊಂದಕ್ಕೆ ಬರಿಯ ಕಾಗದ. ಯಂತ್ರದ ಆಯುಸ್ಸೋ ಐದಾರು ವರ್ಷ. ಹವಾಮಾನದ ಪ್ರೋಗ್ರಾಮಾದರೋ ಲಕ್ಷಗಟ್ಟಲೆ ಸಾಲುಗಳದ್ದು, ಹತ್ತಾರು ಮಂದಿ ಇಪ್ಪತ್ತು ಮೂವತ್ತು ವರ್ಷ ತಿದ್ದಿ ತೀಡಿ ಬೆಳೆಸಿದ್ದು. ಹೊಸ ಯಂತ್ರ ಬಂದಾಗಲೆಲ್ಲ ಅದನ್ನು ಒಡೆದು ಕಟ್ಟುವುದೆಂದರೆ, ಹೊಸ ಒಲೆ ತಂದಾಗಲೆಲ್ಲ ಮನೆಯನ್ನೇ ಕೆಡವಿದಂತೆ. ಕಂಪನಿ ಮುಚ್ಚಿಹೋದರಂತೂ ಅದರ ಆಜ್ಞೆಗಳನ್ನು ಕಲಿತವರ ಶ್ರಮವೆಲ್ಲ ನೀರಿನಲ್ಲಿ ಮಾಡಿದ ಹೋಮ.

1989ರ ಬೇಸಗೆಯಲ್ಲಿ ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ವೈದಿ ಸುಂದರಂ ಮತ್ತು ಆಲ್ ಗೈಸ್ಟ್ ಎಂಬುವರು ಇದಕ್ಕೊಂದು ದಾರಿ ತೆಗೆದರು. ಬೇರೆ ಬೇರೆ ಜಾತಿಯ ಯಂತ್ರಗಳನ್ನು ಜಾಲದಲ್ಲಿ ಬೆಸೆದು, ಬರೆಯುವವನಿಗೆ ಅವೆಲ್ಲ ಒಂದೇ ಯಂತ್ರದಂತೆ ಕಾಣಿಸುವ ‘ಪಿವಿಎಂ’ ಎಂಬ ವ್ಯವಸ್ಥೆಯದು. ಅದರಲ್ಲಿ ಬಗೆಹರಿಸಬೇಕಾಗಿದ್ದ ತೊಡಕುಗಳು ಹೊರನೋಟಕ್ಕೆ ಕ್ಷುಲ್ಲಕ. ಉದಾಹರಣೆಗೆ, ಸಂಖ್ಯೆಯನ್ನು ತುಂಡುಗಳಾಗಿ ಇಡುವಾಗ ಕೆಲವು ಯಂತ್ರಗಳು ದೊಡ್ಡ ಸ್ಥಾನದಿಂದ ಆರಂಭಿಸುತ್ತವೆ, ಕೆಲವು ಚಿಕ್ಕ ಸ್ಥಾನದಿಂದ. ಅಂಕಗಳ ನಡೆ ಎಡಕ್ಕೆ ಎಂಬ ನಮ್ಮ ಹಳೆಯ ಸೂತ್ರವನ್ನು ಅರಿಯದೆ, ಪದಗಳಲ್ಲಿ ಬರೆದ ಶಕವರ್ಷವನ್ನು ನೇರವಾಗಿ ಓದಿದವನು ಎಷ್ಟು ಎಡವುತ್ತಾನೋ ಯಂತ್ರವೂ ಅಷ್ಟೇ ಎಡವುತ್ತದೆ. ಒಂದು ಯಂತ್ರ ಕಳುಹಿಸಿದ 1 ಎಂಬ ಸಂಖ್ಯೆ ಇನ್ನೊಂದಕ್ಕೆ 1,67,77,216 ಎಂದು ಕಂಡೀತು! ಈ ಎರಡು ಪಕ್ಷಗಳಿಗೆ 1980ರಲ್ಲಿ ಡ್ಯಾನಿ ಕೊಹೆನ್ನರು ಗಲಿವರನ ಕಥೆಯಿಂದ ಹೆಸರು ತೆಗೆದುಕೊಟ್ಟರು. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಕಾದಾಡಿದ ಕಿರುಮನುಷ್ಯರ ಕಥೆಯದು.

ಪಿವಿಎಂ ದಾರಿ ತೋರಿಸಿತು. ಆದರೆ ಎಲ್ಲರೂ ಒಪ್ಪುವ ಒಡಂಬಡಿಕೆ ಇನ್ನೂ ಬೇಕಾಗಿತ್ತು. 1992ರ ಏಪ್ರಿಲಿನಲ್ಲಿ ವರ್ಜೀನಿಯಾದ ವಿಲಿಯಮ್ಸ್‌ಬರ್ಗಿನಲ್ಲಿ ಸೇರಿದ ವಿದ್ವಾಂಸರು ಅದಕ್ಕೆ ನಾಂದಿ ಹಾಕಿದರು. ಸುಮಾರು 40 ಸಂಸ್ಥೆಗಳ 60 ಮಂದಿ ಈ ಕೆಲಸದಲ್ಲಿ ಪಾಲುಗೊಂಡರು; ಮಾರುಕಟ್ಟೆಯಲ್ಲಿ ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳಾದ ಕಂಪನಿಗಳವರೂ ಅವರಲ್ಲಿದ್ದರು. 1993ರಲ್ಲಿ ಆರು ವಾರಗಳಿಗೊಮ್ಮೆ ಕೂಡಿ ಚರ್ಚಿಸಿದರು. 1994ರಲ್ಲಿ ‘ಎಂಪಿಐ’ ಎಂಬ ನಿಯಮಾವಳಿ ಹೊರಬಂತು. ಅದು ಯಂತ್ರವಲ್ಲ, ಮಾರಾಟದ ಸರಕೂ ಅಲ್ಲ. ಸಂದೇಶವನ್ನು ಕಳುಹಿಸು, ಪಡೆ, ಎಲ್ಲರಿಗೂ ಹಂಚು ಎಂಬ ಆಜ್ಞೆಗಳಿಗೆ ಇಂಥದೇ ಅರ್ಥ ಎಂದು ಗೊತ್ತುಮಾಡುವ ಒಂದು ದಸ್ತಾವೇಜು. ಆಜ್ಞೆಯನ್ನು ಹೇಗೆ ನೆರವೇರಿಸಬೇಕೆಂಬುದು ಯಂತ್ರ ಮಾಡುವವನ ಜಾಣ್ಮೆಗೆ ಬಿಟ್ಟದ್ದು. ನೂರಕ್ಕೂ ಹೆಚ್ಚು ಆಜ್ಞೆಗಳಿದ್ದರೂ ಆರನ್ನು ಕಲಿತರೆ ಕೆಲಸ ಆರಂಭಿಸಬಹುದು. ಯಾರ ಆಸ್ತಿಯೂ ಅಲ್ಲದ್ದರಿಂದಲೇ ಅದು ಎಲ್ಲರದಾಯಿತು. ಅದೇ 1994ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಸ್ಟರ್ಲಿಂಗ್ ಮತ್ತು ಬೆಕರ್ ಅವರು ಅಂಗಡಿಯಲ್ಲಿ ಸಿಗುವ 16 ಸಾಮಾನ್ಯ ಪ್ರೊಸೆಸರುಗಳಿಂದ ‘ಬೇವುಲ್ಫ್’ ಎಂಬ ಗುಂಪು ಯಂತ್ರವನ್ನು ಕಟ್ಟಿದರು. ಮುಂದೆ ಕಾಲೇಜಿನ ಕೋಣೆಯಲ್ಲಿ ಇಂಥ ಗುಂಪು ಕಟ್ಟಿ ಬರೆದ ಪ್ರೋಗ್ರಾಮು ದೇಶದ ಅತಿ ದೊಡ್ಡ ಯಂತ್ರದಲ್ಲಿಯೂ ಓಡುವಂತಾಯಿತು.

ಎಲ್ಲ ಕೆಲಸಕ್ಕೂ ಇಷ್ಟು ಮಾತುಕತೆ ಬೇಡವೆಂಬುದೂ ನಿಜ. 1999ರಿಂದ 2020ರವರೆಗೆ ನಡೆದ ‘ಸೆಟಿ ಅಟ್ ಹೋಮ್’ ಯೋಜನೆಯಲ್ಲಿ ಲಕ್ಷಾಂತರ ಮನೆಗಳ ಕಂಪ್ಯೂಟರುಗಳು ಆಕಾಶದ ರೇಡಿಯೋ ಸಂಕೇತಗಳನ್ನು ಶೋಧಿಸಿದವು. ಅಲ್ಲಿ ಒಂದು ಮನೆಯ ಯಂತ್ರಕ್ಕೆ ಪಕ್ಕದ ಮನೆಯ ಅಂಕೆ ಬೇಕಿರಲಿಲ್ಲ. ಗಾಳಿ ಮಳೆಗಳ ಲೆಕ್ಕಕ್ಕೆ ಆ ಸೌಲಭ್ಯವಿಲ್ಲ. ಅರಬ್ಬೀ ಸಮುದ್ರದ ಅಂಕೆ ತಿಳಿಯದೆ ಮಲೆನಾಡಿನ ಮಳೆಯನ್ನು ಗುಣಿಸಲಾಗದು.

ಒಡಂಬಡಿಕೆಯಾದ ಮೇಲೂ ನೆಮ್ಮದಿ ಬಹುಕಾಲ ಉಳಿಯಲಿಲ್ಲ. ಚಿತ್ರ ಬಿಡಿಸಲೆಂದು ಮಾಡಿದ ಜಿಪಿಯು ಎಂಬ ಪ್ರೊಸೆಸರುಗಳು ವಿಜ್ಞಾನದ ಲೆಕ್ಕದಲ್ಲಿಯೂ ಬಹು ಚುರುಕೆಂದು ಗೊತ್ತಾಗಿ, 2007ರಲ್ಲಿ ಎನ್‌ವಿಡಿಯಾ ಕಂಪನಿ ಅವುಗಳಿಗಾಗಿ ‘ಕೂಡಾ’ ಎಂಬ ತನ್ನದೇ ಭಾಷೆಯನ್ನು ಕೊಟ್ಟಿತು. ಯಂತ್ರಗಳ ನಡುವಣ ಮಾತಿಗೆ ಎಂಪಿಐ ಇತ್ತು. ಒಂದೇ ಯಂತ್ರದ ಒಳಗೆ ಈಗ ಎರಡು ಜಾತಿ. ಪಿವಿಎಂ ಹುಟ್ಟಿದ ಓಕ್ ರಿಜ್ಜಿನಲ್ಲಿಯೇ ನೋಡಿ: 2012ರ ಟೈಟನ್ ಯಂತ್ರದಲ್ಲಿ ಎಎಂಡಿ ಕಂಪನಿಯ ಪ್ರೊಸೆಸರು, ಎನ್‌ವಿಡಿಯಾದ ಜಿಪಿಯು; 2018ರ ಸಮ್ಮಿಟ್‌ನಲ್ಲಿ ಐಬಿಎಂ ಪ್ರೊಸೆಸರು, ಎನ್‌ವಿಡಿಯಾ ಜಿಪಿಯು; 2022ರ ಫ್ರಾಂಟಿಯರಿನಲ್ಲಿ ಎರಡೂ ಎಎಂಡಿಯವು. ಹತ್ತು ವರ್ಷಗಳಲ್ಲಿ ಮೂರು ಸಂಸಾರ! ಸ್ವಿಟ್ಜರ್ಲೆಂಡಿನ ಹವಾಮಾನ ಇಲಾಖೆ 2016ರಲ್ಲಿ ದಿನನಿತ್ಯದ ಮುನ್ಸೂಚನೆಯನ್ನು ಜಿಪಿಯು ಯಂತ್ರಕ್ಕೆ ಒಪ್ಪಿಸುವುದಕ್ಕೆ ಮೊದಲು ಪ್ರೋಗ್ರಾಮಿನ ತಿರುಳನ್ನೇ ಹೊಸದಾಗಿ ಬರೆಯಿಸಬೇಕಾಯಿತು. ನಮ್ಮಲ್ಲಿಯೂ ಮಾನ್ಸೂನಿನ ಲೆಕ್ಕಕ್ಕೆ 2018ರಲ್ಲಿ ಪ್ರತ್ಯೂಷ್ ಮತ್ತು ಮಿಹಿರ್, 2024ರಲ್ಲಿ ಅರ್ಕ ಮತ್ತು ಅರುಣಿಕಾ ಬಂದವು. ಯಂತ್ರಕ್ಕೆ ಕೊಟ್ಟ ಹಣ ಎಲ್ಲರಿಗೂ ಕಾಣುತ್ತದೆ. ಅದಕ್ಕೆ ಲೆಕ್ಕವನ್ನು ಒಗ್ಗಿಸಲು ಬೇಕಾದ ವರ್ಷಗಳು ಕಾಣುವುದಿಲ್ಲ.

ಈ ಅನುಭವದಿಂದ ಇತ್ತೀಚೆಗೆ ಮೂಡಿಬಂದಿರುವ ವಿಚಾರವೊಂದಿದೆ. ಪ್ರಕೃತಿಯ ನಿಯಮವನ್ನು ಬರೆಯುವವನು ಯಂತ್ರದ ಗೋಜಿಗೆ ಹೋಗಬಾರದು. ಅದನ್ನು ಆಯಾ ಯಂತ್ರಕ್ಕೆ ತಕ್ಕಂತೆ ಹಂಚಿ ಹೂಡುವ ಕೆಲಸವನ್ನು ಬೇರೊಂದು ಪ್ರೋಗ್ರಾಮೇ ಮಾಡಬೇಕು. ಇದರಿಂದ ವೇಗದಲ್ಲಿ ಸ್ವಲ್ಪ ನಷ್ಟವಾದರೂ ಆಗಬಹುದು. ಒಂದೇ ಯಂತ್ರವನ್ನು ಬಲ್ಲ ನುರಿತವನ ಕೈಗೆಲಸದ ಚುರುಕು ಸಾಮಾನ್ಯ ಸೂತ್ರಕ್ಕೆ ಸುಲಭವಾಗಿ ಬಾರದು. ಆದರೆ ಆ ನಷ್ಟಕ್ಕೆ ಪ್ರತಿಯಾಗಿ ಲೆಕ್ಕಕ್ಕೆ ಆಯುಸ್ಸು ಸಿಗುತ್ತದೆ. ಮಾರುವವನ ಹಂಗು ತಪ್ಪುತ್ತದೆ. ನಮ್ಮಂಥ ದೇಶಕ್ಕೆ ಈ ಎರಡನೆಯದು ಸಣ್ಣ ಲಾಭವಲ್ಲ.

ಬ್ರಿಟನ್ನಿನ ಹವಾಮಾನ ಇಲಾಖೆ ಈ ಕ್ರಮದಲ್ಲಿಯೇ ತನ್ನ ಹೊಸ ಲೆಕ್ಕವನ್ನು ಬರೆಯಿಸಿದೆ. ಅದರ ಹೆಸರು ‘ಎಲ್‌ಎಫ್‌ರಿಕ್’, ಅಂದರೆ ಲೂಯಿಸ್ ಫ್ರೈ ರಿಚರ್ಡ್‌ಸನ್. 1920ರಲ್ಲಿ ಆ ಇಲಾಖೆಯನ್ನು ವಾಯುಸೇನೆಯ ಮಂತ್ರಾಲಯಕ್ಕೆ ಸೇರಿಸಿದಾಗ, ಯುದ್ಧದ ಸೇವೆ ತನಗೆ ಬೇಡವೆಂದು ರಾಜೀನಾಮೆಯಿತ್ತು ಹೊರನಡೆದವರು ಅವರು. ಈಗ ಅದೇ ಇಲಾಖೆಯಲ್ಲಿ ಅವರ ಹೆಸರಿನ ಪ್ರೋಗ್ರಾಮು ಭೂಗೋಲವನ್ನು ತುಂಡುತುಂಡಾಗಿ ಹಂಚಿ, ನೆರೆಯ ತುಂಡಿಗೆ ಅಂಕೆ ಮುಟ್ಟಿಸುತ್ತಿದೆ. 64,000 ಗುಮಾಸ್ತರ ಸ್ಥಾನದಲ್ಲಿ ಯಾವ ಯಂತ್ರಗಳು ಬಂದು ಕೂತರೂ ಅದಕ್ಕೆ ಚಿಂತೆಯಿರಬಾರದೆಂಬುದೇ ಅದನ್ನು ಬರೆದವರ ಆಸೆ.