ಅಮೆರಿಕದಲ್ಲೂ ಲೋ ವೋಲ್ಟೇಜಾ?

ನ್ಯೂಜೆರ್ಸಿಗೆ ಬಂದ ಮೊದಲ ವಾರ. ಡೈರಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡಲ್ಲಿ ಅವ್ವ ಕೊಡಿಸಿದ್ದ ಮಿಕ್ಸಿಗೆ ಅಡಾಪ್ಟರ್ ಸಿಕ್ಕಿಸಿ, ಕಾಯಿತುರಿ ಹಾಕಿ ಸ್ವಿಚ್ ಒತ್ತಿದೆ. ಮಿಕ್ಸಿ ಸುಮ್ಮನೆ ಮುಲುಗಿತು. ಬ್ಲೇಡು ಗಾಣದ ಎತ್ತಿನ ಹಾಗೆ ಸುತ್ತಿತು. ವಿಡಿಯೋ ಕಾಲ್‌ನಲ್ಲಿ ನೋಡ್ತಿದ್ದ ಅವ್ವ ಕೇಳಿದಳು: "ಅಲ್ಲೂ ಲೋ ವೋಲ್ಟೇಜಾ ಮಗ?"

ನಗು ಬಂತು. ಆದರೆ ಅವಳು ಹೇಳಿದ್ದು ನಿಜ. ನಮ್ಮೂರಲ್ಲಿ 230 ವೋಲ್ಟ್, ಇಲ್ಲಿನ ಸಾಕೆಟ್ಟಿನಲ್ಲಿ 120. ಅಡಾಪ್ಟರ್ ಬದಲಾಯಿಸೋದು ಪಿನ್ನಿನ ಆಕಾರವನ್ನು ಮಾತ್ರ, ವೋಲ್ಟೇಜನ್ನಲ್ಲ. ಬಿಇ ಮಾಡಿದವನಿಗೆ ಇದು ಹೊಳೀಬೇಕಿತ್ತು, ಬಿಡಿ.

ಇಷ್ಟು ದೊಡ್ಡ ದೇಶಕ್ಕೆ ಯಾಕೆ ಅರ್ಧ ವೋಲ್ಟೇಜು? ಉತ್ತರ 1882ರಲ್ಲಿದೆ. ಆ ವರ್ಷ ಸೆಪ್ಟೆಂಬರ್ 4ರಂದು ಥಾಮಸ್ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ವಿದ್ಯುತ್ ಕೇಂದ್ರ ಶುರು ಮಾಡಿದ. ಅವನದು 110 ವೋಲ್ಟಿನ ಡಿಸಿ ಕರೆಂಟ್. ಅವನ ಬಲ್ಬಿನ ಇಂಗಾಲದ ಎಳೆಗೆ ಅಷ್ಟು ಹೊಂದುತ್ತಿತ್ತು. ತೊಂದರೆ ಏನಂದ್ರೆ, ಕಡಿಮೆ ವೋಲ್ಟೇಜಿಗೆ ದಪ್ಪ ತಾಮ್ರದ ತಂತಿ ಬೇಕು. ಕೇಂದ್ರದಿಂದ ಒಂದು ಮೈಲಿ ಆಚೆ ಹೋಗೋದೇ ಕಷ್ಟ. ಮುಂದೆ ವೆಸ್ಟಿಂಗ್‌ಹೌಸ್ ಮತ್ತು ಟೆಸ್ಲಾರ ಎಸಿ ಕರೆಂಟ್ ಗೆದ್ದಿತು. ಆದರೆ ಮನೆ ಮನೆಯಲ್ಲಿ ಆಗಲೇ ಎಡಿಸನ್ ಕಾಲದ ವೋಲ್ಟೇಜಿನ ಬಲ್ಬುಗಳು ಉರೀತಿದ್ದವು. ಎಸಿ ಬಂದರೂ ಆ ನಂಬರ್ ಅಲ್ಲೇ ಉಳಿಯಿತು.

ಬರ್ಲಿನ್ ಬೇರೆ ದಾರಿ ಹಿಡಿಯಿತು. 1899ರಲ್ಲಿ ಅಲ್ಲಿನ ವಿದ್ಯುತ್ ಕಂಪನಿ 220 ವೋಲ್ಟಿಗೆ ಹೊರಳಿತು. ವೋಲ್ಟೇಜ್ ಎರಡು ಪಟ್ಟಾದರೆ ಅಷ್ಟೇ ಪವರ್‌ಗೆ ಕರೆಂಟ್ ಅರ್ಧ ಸಾಕು, ಅದೇ ತಂತಿಯಲ್ಲಿ ಆಗುವ ನಷ್ಟ ಕಾಲು ಭಾಗ. ಗಿರಾಕಿಗಳ ಹಳೇ ಬಲ್ಬು, ಮೋಟಾರು ಬದಲಿಸಿಕೊಟ್ಟರೂ ತಾಮ್ರದಲ್ಲಿ ಉಳಿತಾಯವಾಗುತ್ತಿತ್ತು. ಯುರೋಪ್ ಹಿಂದೆ ಬಂತು. ಅಮೆರಿಕದಲ್ಲಿ ಅಷ್ಟೊತ್ತಿಗೆ ಬಳಕೆದಾರರು ಜಾಸ್ತಿ ಇದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಲೆಗಸಿ ಸಿಸ್ಟಮ್; ಪ್ರೊಡಕ್ಷನ್‌ನಲ್ಲಿ ಓಡ್ತಿರೋದನ್ನ ಮುಟ್ಟೋ ಧೈರ್ಯ ಯಾರಿಗೆ? ತಮಾಷೆ ಅಂದ್ರೆ ಇಲ್ಲಿನ ಮನೆಗೂ ಹೊರಗಿಂದ ಬರೋದು 240 ವೋಲ್ಟೇ. ಅದನ್ನು ಎರಡು 120 ಮಾಡಿ ಹಂಚ್ತಾರೆ. ಒಲೆಗೆ, ಬಟ್ಟೆ ಒಣಗಿಸೋ ಮೆಷಿನ್ನಿಗೆ ಪೂರ್ತಿ 240. ಪಾಪದ ಮಿಕ್ಸಿಗೆ ಅರ್ಧ.

ಮೊದಲು ಬಂದವರ ಕಥೆ ಇದಾದರೆ, ಕಾದವರ ಕಥೆ ನನ್ನದು. ನಮ್ಮೂರಿರೋದು ಮಳವಳ್ಳಿ ತಾಲ್ಲೂಕಿನಲ್ಲಿ, ಶಿವನಸಮುದ್ರದ ಹತ್ತಿರ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಎಸಿ ಕರೆಂಟ್ ಹೋಯಿತು. ಯಂತ್ರ ಕೊಟ್ಟಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್, ಅಂದರೆ ಎಸಿಯನ್ನು ವಿರೋಧಿಸಿದ್ದ ಎಡಿಸನ್ನನ ಕಂಪನಿಯೇ ಇನ್ನೊಂದರ ಜೊತೆ ಸೇರಿ ಆದದ್ದು! 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ನಮ್ಮನೆಗೆ ಬಂದಿದ್ದು ನಾನು ಎರಡನೇ ಕ್ಲಾಸಿನಲ್ಲಿದ್ದಾಗ. ಬಂದ ಮೇಲೂ ಸಂಜೆ ಬಲ್ಬು ಕೆಂಡದ ಹಾಗೆ ಕೆಂಪಗೆ ಕೂತಿರೋದು. ಲೋ ವೋಲ್ಟೇಜ್ ಅನ್ನೋದನ್ನ ಅವ್ವ ಕಲಿತದ್ದು ಆ ಬೆಳಕಲ್ಲಿ.

ಹೊರಡುವವರಿಗೆ ಒಂದು ಮಾತು. ವಸ್ತುವಿನ ಹಿಂದಿನ ಲೇಬಲ್ ಓದಿ. "100-240" ಅಂತಿದ್ದರೆ, ಲ್ಯಾಪ್‌ಟಾಪ್, ಫೋನ್ ಚಾರ್ಜರುಗಳ ಹಾಗೆ, ಪಿನ್ ಬದಲಾದರೆ ಸಾಕು. ಬರೀ "230" ಇದ್ದರೆ ಬಿಟ್ಟು ಬನ್ನಿ. ವಾಪಸ್ ಹೋಗುವಾಗ ಇನ್ನೂ ಹುಷಾರು: 120 ವೋಲ್ಟಿನ ಕಾಫಿ ಮೇಕರನ್ನು ಊರಲ್ಲಿ ಹಾಕಿದರೆ ಅದರ ಕಾಯಿಲಿಗೆ ಮೂರೂವರೆ ಪಟ್ಟಿಗೂ ಹೆಚ್ಚು ಪವರ್ ನುಗ್ಗಿ ಸುಟ್ಟೇ ಹೋಗುತ್ತೆ.

ಈ ಬುದ್ಧಿವಾದ ನಾನೇ ಪಾಲಿಸಲಿಲ್ಲ. ಅವ್ವನ ಮಿಕ್ಸಿ ಬಿಸಾಕೋಕೆ ಮನಸ್ಸು ಬರಲಿಲ್ಲ. 120 ಅನ್ನು 240 ಮಾಡೋ ಟ್ರಾನ್ಸ್‌ಫಾರ್ಮರ್ ತಂದೆ. ಗುಂಡುಕಲ್ಲಿನಷ್ಟು ಭಾರ, ಅಡುಗೆಕಟ್ಟೆಯ ಅರ್ಧ ಜಾಗ ಅದಕ್ಕೇ. ಸ್ವಿಚ್ ಒತ್ತಿದ ಕೂಡಲೇ ಮಿಕ್ಸಿ ಊರಲ್ಲಿದ್ದಾಗಿನ ಹಾಗೇ ಗರ್ಜಿಸಿತು.

ಫೋನಿನಲ್ಲಿ ಅವ್ವ ಅಂದಳು: "ಹಾಂ, ಈಗ ಕರೆಂಟ್ ಬಂತು ನೋಡು."