ನಾಯಿಗೆ ಹಿಪ್ ಡಿಸ್‌ಪ್ಲೇಸಿಯಾ: ಯಾವ ವಯಸ್ಸಿಗೆ ಯಾವ ಆಪರೇಷನ್?

‘ಮರಿ ಹಿಂಗಾಲು ಎಳೆಯುತ್ತಿದ್ದರೆ ಕ್ಯಾಲ್ಸಿಯಂ ಕೊಡಿ, ಬೆಳೆದಂತೆ ಸರಿಹೋಗುತ್ತೆ.’ ನಾಯಿ ಸಾಕುವವರಲ್ಲಿ ಈ ಸಲಹೆ ಬಹಳ ಓಡಾಡುತ್ತದೆ. ಸಮಸ್ಯೆ ಹಿಪ್ ಡಿಸ್‌ಪ್ಲೇಸಿಯಾ ಆಗಿದ್ದರೆ ಇದು ತಪ್ಪು ಸಲಹೆ. ಕೆಲವು ಆಪರೇಷನ್‌ಗಳನ್ನು ಮರಿಯಾಗಿದ್ದಾಗ ಮಾತ್ರ ಮಾಡಬಹುದು. ಕಾಯುತ್ತಾ ಕೂತರೆ ಆ ಅವಕಾಶ ಕೈತಪ್ಪುತ್ತದೆ.

ಏನಿದು ಸಮಸ್ಯೆ?

ತೊಡೆಮೂಳೆಯ ತುದಿ ಚೆಂಡಿನಂತಿದ್ದು, ಸೊಂಟದ ಮೂಳೆಯ ಬಟ್ಟಲಿನಂಥ ಕುಳಿಯೊಳಗೆ ತಿರುಗುತ್ತದೆ. ಈ ಕಾಯಿಲೆಯಲ್ಲಿ ಮರಿ ಬೆಳೆಯುತ್ತಾ ಹೋದಂತೆ ಕೀಲು ಸಡಿಲವಾಗಿ, ಚೆಂಡು ಕುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಕ್ರಮೇಣ ಕೀಲು ಸವೆದು ಸಂಧಿವಾತ ಬರುತ್ತದೆ. ಮುಖ್ಯ ಕಾರಣ ವಂಶವಾಹಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ರಾಟ್‌ವೀಲರ್‌ನಂಥ ದೊಡ್ಡ ತಳಿಗಳಲ್ಲಿ ಹೆಚ್ಚು. ಅತಿ ತೂಕ ಇದನ್ನು ಉಲ್ಬಣಿಸುತ್ತದೆ.

ಏಳಲು ಕಷ್ಟಪಡುವುದು, ಮೆಟ್ಟಿಲು ಹತ್ತಲು ಹಿಂಜರಿಯುವುದು, ಓಡುವಾಗ ಎರಡೂ ಹಿಂಗಾಲು ಜೋಡಿಸಿ ಮೊಲದಂತೆ ಕುಪ್ಪಳಿಸುವುದು ಇದರ ಲಕ್ಷಣಗಳು. ಪಶುವೈದ್ಯರು ಮಂಪರು ಕೊಟ್ಟು ಕೀಲು ಪರೀಕ್ಷಿಸಿ, ಎಕ್ಸ್‌ರೇ ತೆಗೆದು ಖಚಿತಪಡಿಸುತ್ತಾರೆ.

ನಾಲ್ಕು ಮುಖ್ಯ ಆಪರೇಷನ್‌ಗಳು

1. ಜೆಪಿಎಸ್: ಸುಮಾರು 12ರಿಂದ 20 ವಾರದ ಮರಿಗಳಿಗೆ. ಸೊಂಟದ ಮೂಳೆಯ ಕೆಳಭಾಗದ ಬೆಳವಣಿಗೆಯ ಪಟ್ಟಿಯನ್ನು ಶಾಖ ಕೊಟ್ಟು ನಿಲ್ಲಿಸುತ್ತಾರೆ. ಮುಂದೆ ಮೂಳೆ ಬೆಳೆಯುವಾಗ ಕುಳಿ ಚೆಂಡಿನ ಮೇಲೆ ಚೆನ್ನಾಗಿ ಕವಿಯುತ್ತದೆ. ಚಿಕ್ಕ ಆಪರೇಷನ್. ಆದರೆ ಈ ವಯಸ್ಸಿನಲ್ಲಿ ಮರಿ ಹೆಚ್ಚಾಗಿ ಕುಂಟುವುದೇ ಇಲ್ಲ. ಹಾಗಾಗಿ ಮೊದಲೇ ಪರೀಕ್ಷೆ ಮಾಡಿಸಿದವರಿಗಷ್ಟೇ ಇದರ ಲಾಭ.

2. ಡಿಪಿಒ ಅಥವಾ ಟಿಪಿಒ: ಸಾಮಾನ್ಯವಾಗಿ ಒಂದು ವರ್ಷದೊಳಗಿನ, ಇನ್ನೂ ಸಂಧಿವಾತ ಬಾರದ ನಾಯಿಗಳಿಗೆ. ಸೊಂಟದ ಮೂಳೆಯನ್ನು ಎರಡು ಅಥವಾ ಮೂರು ಕಡೆ ಕತ್ತರಿಸಿ, ಕುಳಿಯನ್ನು ಚೆಂಡಿನ ಮೇಲೆ ತಿರುಗಿಸಿ, ಪ್ಲೇಟ್ ಮತ್ತು ಸ್ಕ್ರೂ ಹಾಕಿ ಕೂರಿಸುತ್ತಾರೆ. ಕೀಲು ಸವೆದ ಮೇಲೆ ಇದರಿಂದ ಪ್ರಯೋಜನವಿಲ್ಲ.

3. ಎಫ್‌ಎಚ್‌ಒ: ತೊಡೆಮೂಳೆಯ ಚೆಂಡನ್ನೇ ಕತ್ತರಿಸಿ ತೆಗೆಯುವುದು. ಮೂಳೆಗೆ ಮೂಳೆ ತಿಕ್ಕುವುದು ನಿಲ್ಲುತ್ತದೆ. ಆ ಜಾಗದಲ್ಲಿ ಸ್ನಾಯು ಮತ್ತು ಗಟ್ಟಿಯಾದ ಅಂಗಾಂಶ ಸೇರಿ ‘ಹುಸಿ ಕೀಲು’ ರೂಪುಗೊಳ್ಳುತ್ತದೆ. ಯಾವ ವಯಸ್ಸಿನಲ್ಲೂ ಮಾಡಬಹುದು, ಖರ್ಚೂ ಕಡಿಮೆ. ಹಗುರ ನಾಯಿಗಳಲ್ಲಿ ಫಲಿತಾಂಶ ಉತ್ತಮ. ಭಾರಿ ನಾಯಿಗಳ ನಡಿಗೆಯಲ್ಲಿ ಕೊರತೆ ಉಳಿಯಬಹುದು. ಬೇಗ ಕಾಲೂರಿಸಿ ವ್ಯಾಯಾಮ ಮಾಡಿಸದಿದ್ದರೆ ಕಾಲು ಬಿಗಿದುಕೊಳ್ಳುತ್ತದೆ.

4. ಟಿಎಚ್‌ಆರ್: ಮನುಷ್ಯರಿಗೆ ಮಾಡುವಂತೆಯೇ ಇಡೀ ಕೀಲು ಬದಲಾವಣೆ. ಲೋಹದ ಚೆಂಡು, ಗಟ್ಟಿ ಪ್ಲಾಸ್ಟಿಕ್‌ನ ಕುಳಿ ಕೂರಿಸುತ್ತಾರೆ. ಸಾಮಾನ್ಯವಾಗಿ ಮೂಳೆ ಪೂರ್ತಿ ಬೆಳೆದ ಮೇಲೆ ಮಾಡುತ್ತಾರೆ. ಸಹಜಕ್ಕೆ ಅತಿ ಹತ್ತಿರದ ನಡಿಗೆ ಸಿಗುವುದು ಇದರಲ್ಲೇ. ಆದರೆ ಖರ್ಚು ಬಹಳ, ನುರಿತ ಸರ್ಜನ್ ಬೇಕು. ಕೀಲು ಜಾರುವ, ಸೋಂಕು ತಗಲುವ, ಮೂಳೆ ಮುರಿಯುವ ಅಪಾಯವೂ ಇದೆ.

ತಪ್ಪು ನಂಬಿಕೆಗಳು

“ಕ್ಯಾಲ್ಸಿಯಂ ಕೊಟ್ಟರೆ ಸಾಕು”: ಇಲ್ಲ. ದೊಡ್ಡ ತಳಿಯ ಮರಿಗಳಿಗೆ ಅತಿಯಾದ ಕ್ಯಾಲ್ಸಿಯಂ ಮೂಳೆಯ ಬೆಳವಣಿಗೆಯನ್ನೇ ಕೆಡಿಸುತ್ತದೆ.

“ನಮ್ಮ ನೋವಿನ ಮಾತ್ರೆಯನ್ನೇ ಸ್ವಲ್ಪ ಕೊಡಬಹುದು”: ಬೇಡವೇ ಬೇಡ. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಹಾಳುಮಾಡಬಹುದು. ಪ್ಯಾರಾಸಿಟಮಾಲ್ ಲಿವರ್‌ಗೆ ಅಪಾಯ.

“ಆಪರೇಷನ್ ಮಾಡಲೇಬೇಕು”: ಹಾಗೇನಿಲ್ಲ. ತೂಕ ಇಳಿಸುವುದು, ಹಿತಮಿತ ನಡಿಗೆ, ಈಜು, ವೈದ್ಯರು ಕೊಟ್ಟ ಔಷಧಿಯಿಂದಲೇ ಎಷ್ಟೋ ನಾಯಿಗಳು ನೆಮ್ಮದಿಯಾಗಿರುತ್ತವೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿದ ಅಧ್ಯಯನವೊಂದರಲ್ಲಿ, ಜೋಡಿ ನಾಯಿಗಿಂತ ಶೇ 25ರಷ್ಟು ಕಡಿಮೆ ಆಹಾರ ತಿಂದವಕ್ಕೆ ಸೊಂಟದ ಸಂಧಿವಾತ ಕಡಿಮೆ ಹಾಗೂ ತಡವಾಗಿ ಬಂತು. ಅವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು.

ನೀವು ಮಾಡಬೇಕಾದ್ದು

ಮರಿ ಕೊಳ್ಳುವ ಮೊದಲು ತಂದೆ-ತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ವರದಿ ಕೇಳಿ. ದೊಡ್ಡ ತಳಿಯಾದರೆ ನಾಲ್ಕು ತಿಂಗಳಾಗುವಷ್ಟರಲ್ಲಿ ಒಮ್ಮೆ ಸೊಂಟ ಪರೀಕ್ಷೆ ಮಾಡಿಸಿ. ಆಪರೇಷನ್ ಸೂಚಿಸಿದರೆ ಮೂರು ಪ್ರಶ್ನೆ ಕೇಳಿ: ಸಂಧಿವಾತ ಶುರುವಾಗಿದೆಯೇ? ಈ ವಯಸ್ಸು, ತೂಕಕ್ಕೆ ಇದೇ ಏಕೆ ಸೂಕ್ತ? ಆಮೇಲಿನ ಆರೈಕೆ ಎಷ್ಟು ವಾರ? ಕಾಯಿಲೆ ಇರುವ ನಾಯಿಯಿಂದ ಮರಿ ಹಾಕಿಸಬೇಡಿ.